ಜವಳ ಬಾಕಿ ಇರೋ ಮನೆ

ಮಕ್ಕಳಿರೋ ಮನೆಯಲ್ಲಿ ದಿನಕ್ಕೊಂದು ಏನಾದರೂ ನಡೀಲೇಬೇಕು. ನಡೀಲಿಲ್ಲ ಅಂದರೆ ಅವತ್ತು ಮಕ್ಕಳಿಗೆ ಮೈ ಹುಷಾರಿಲ್ಲ ಅಂತ ತಿಳೀಬೇಕು. ನಮ್ಮ ಮನೆಯಲ್ಲಂತೂ ಇಷ್ಟು ವರ್ಷ ನಡೆದದ್ದೆಲ್ಲ ಒಂದು ಜಡೆಯ ಸುತ್ತಲೇ ನಡೆಯಿತು. ಆ ಜಡೆ ನನ್ನದಲ್ಲ, ಮಗಳದ್ದೂ ಅಲ್ಲ. ಮಗನದ್ದು.

ಮಗುವಿನ ಹುಟ್ಟುಗೂದಲು ತೆಗೆಸೋ ಶಾಸ್ತ್ರಕ್ಕೆ ಜವಳ ಅಂತೀವಲ್ಲ, ಅದು ಆಗೋವರೆಗೂ ತಲೆಗೆ ಕತ್ತರಿ ಸೋಕಿಸೋ ಹಾಗಿಲ್ಲ. ಜವಳ ಮಾಡೋದು ಒಂದು, ಮೂರು, ಐದು, ಹೀಗೆ ಬೆಸ ವರ್ಷದಲ್ಲಿ. ಮಗು ಸೋದರಮಾವನ ತೊಡೆ ಮೇಲೆಯೇ ಕೂತಿರಬೇಕು. ಇದರ ಮೇಲೆ ನಮ್ಮತ್ತೆ, ಮೊಮ್ಮಗನ ಜವಳ ಹರಿಹರದ ಹೊಳೆದಂಡೆಯಲ್ಲೇ ಮಾಡಿಸ್ತೀನಿ ಅಂತ ಹರಕೆ ಬೇರೆ ಹೊತ್ತಿದ್ದರು. ನಾವಿರೋದು ದಾವಣಗೆರೆಯ ಸರಸ್ವತಿ ನಗರ, ನನ್ನ ತವರು ಹರಿಹರ. ಹೊಳೆ ಅಲ್ಲೇ, ಮಾವನೂ ಅಲ್ಲೇ, ಸಲೀಸಾಗಿ ಆಗುತ್ತೆ ಅಂದುಕೊಂಡಿದ್ದೆವು.

ಒಂದನೇ ವರ್ಷ ಮನೆತನದ ಹಿರಿಯರೊಬ್ಬರು ತೀರಿಕೊಂಡರು, ಶುಭಕಾರ್ಯ ಬಂದ್. ಮೂರನೇ ವರ್ಷ ನನ್ನ ತಮ್ಮ ಬೈಕಿನಿಂದ ಬಿದ್ದ. ಮಗುವನ್ನ ಕೂರಿಸಿಕೊಳ್ಳಬೇಕಾದ ತೊಡೆಯೇ ಪ್ಲಾಸ್ಟರ್‌ನಲ್ಲಿತ್ತು. ಉಳಿದದ್ದು ಐದನೇ ವರ್ಷ ಒಂದೇ. ಅದೂ ತಪ್ಪಿದರೆ ಏಳಕ್ಕೆ ಹೋಗುತ್ತೆ. ಏಳು ವರ್ಷದ ಗಂಡುಹುಡುಗ, ಎರಡನೇ ಕ್ಲಾಸು, ಸೊಂಟದ ತನಕ ಜಡೆ. ಹೆಂಗಾದರೂ ಮಾಡಿ ಐದು ತುಂಬೋದರೊಳಗೆ ಈ ಜಡೆ ಇಳಿಸಬೇಕು ಅಂತ ನಾನು, ಯಾರೂ ಮುಟ್ಟಬಾರದು ಅಂತ ಅವನು. ಜಗಳ ಇಷ್ಟೇ.

ರಾಧೆ

ಬೆಳಗ್ಗೆ ಸ್ಕೂಲ್ ವ್ಯಾನು ಬರೋದರೊಳಗೆ ಎರಡು ತಲೆ ಬಾಚಬೇಕು. ಮಗಳದ್ದು ಇಲಿಬಾಲ. ಮಗನದ್ದು ಒಂದು ಕೈಯಲ್ಲಿ ಹಿಡಿದರೆ ಹಿಡಿತಕ್ಕೆ ಸಿಗದಂಥ ಕೂದಲು. "ಇವನದ್ದು ಅವಳಿಗೆ ಬಂದಿದ್ರೆ ಚೆಂದಿತ್ತು ನೋಡು" ಅಂತ ನಮ್ಮತ್ತೆ ದಿನಾ ಒಂದು ಸಲ ಹೇಳದಿದ್ದರೆ ಅವರಿಗೆ ಚಹಾ ಇಳಿಯಲ್ಲ. ಅದನ್ನ ಕೇಳಿ ಮಗಳು ಮುಖ ಊದಿಸಿಕೊಳ್ಳೋದು, ಮಗ ಜಡೆಯನ್ನ ಎದೆ ಮೇಲೆ ಎಳೆದುಕೊಂಡು ಮೆರೆಯೋದು.

ಒಂದು ದಿನ ವ್ಯಾನಿನವನು ಹಾರನ್ ಮೇಲೆ ಹಾರನ್ ಹೊಡೀತಿದ್ದಾನೆ. ನನಗೂ ವಿದ್ಯಾನಗರದ ಸೊಸೈಟಿಯಲ್ಲಿ ಕೌಂಟರ್ ತೆಗೆಯೋ ಹೊತ್ತು. ಒಲೆ ಮೇಲೆ ಹಾಲು ಉಕ್ಕುತ್ತಿದೆ. ಆ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ತಲೆಗೆ ಎರಡು ಜಡೆ ಹಾಕಿ, ಕೆಂಪು ರಿಬ್ಬನ್ನು ಕಟ್ಟಿ ಕಳಿಸಿದೆ. ವ್ಯಾನು ಹೋದ ಮೇಲೆ ನೋಡಿದರೆ ಮಗಳು ಕೂದಲು ಬಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಾಳೆ.

"ಅಮ್ಮಾ, ನನ್ನ ರಿಬ್ಬನ್ನು ಅವನು ಹಾಕ್ಕೊಂಡು ಹೋದ."

ಸಂಜೆ ಸ್ಕೂಲಿಂದ ಫೋನು ಬಂತು. ಅವನ ಎಲ್‌ಕೆಜಿಗೆ ಹೊಸದಾಗಿ ಬಂದ ಮಿಸ್ಸು. "ಮೇಡಂ, ಸ್ಕೂಲ್ ಡೇಗೆ ಡ್ಯಾನ್ಸ್ ಕಲಿಸ್ತಿದೀನಿ ರೀ. ನಿಮ್ಮ ಮಗಳು ಎಷ್ಟು ಚೆಂದ ಕುಣೀತಾಳೆ ಅಂತೀರಿ. ಅವಳನ್ನೇ ರಾಧೆ ಮಾಡೀನಿ. ಒಂದು ಹಸಿರು ಲಂಗ ಹೊಲಿಸ್ರಿ."

"ಮಿಸ್, ಅವಳು ಮಗಳಲ್ಲ ರೀ. ಮಗ. ಜವಳ ಆಗಿಲ್ಲ."

ಮಿಸ್ಸು ಮೆಲ್ಲಗೆ ಅಂದರು. "ಸ್ಕೂಲ್ ಡೇ ಮುಗಿಯೋಗಂಟ ಜವಳ ಮಾಡಿಸಬ್ಯಾಡ್ರಿ ಮೇಡಂ. ಇದ್ದಕ್ಕಿದ್ದಂಗೆ ಇಂಥ ರಾಧೆ ನಂಗೆಲ್ಲಿ ಸಿಗಬೇಕು."

ಟಿಕೆಟ್ಟು

ಹರಿಹರಕ್ಕೆ ಹೋಗೋ ಸರ್ಕಾರಿ ಬಸ್ಸು, ಭಾನುವಾರ. ಹೆಂಗಸರಿಗೆಲ್ಲ ಬಸ್ಸು ಫ್ರೀ ಆದ ಮೇಲೆ ನನಗೂ ಏಳು ವರ್ಷದ ಮಗಳಿಗೂ ಕಂಡಕ್ಟರು ದುಡ್ಡಿಲ್ಲದ ಟಿಕೆಟ್ ಹರಿದು ಕೊಡ್ತಾರೆ. ಮಗನಿಗೆ ಇನ್ನೂ ಟಿಕೆಟ್ ವಯಸ್ಸಾಗಿಲ್ಲ. ಅದನ್ನ ಅವನಿಗೆ ತಿಳಿಸಿ ಹೇಳೋರು ಯಾರು?

"ಅಕ್ಕಂಗೆ ಕೊಟ್ರು, ಅಮ್ಮಂಗೆ ಕೊಟ್ರು, ನಂಗೆ ಯಾಕ ಕೊಡಲ್ಲ?" ಅಂತ ಶುರುವಾದವನು, ಬಸ್ಸು ಊರು ದಾಟೋದರೊಳಗೆ ರಾಗ ಎತ್ತರಿಸಿದ. ಕಂಡಕ್ಟರು ಪಾಪ ಒಳ್ಳೆಯವರು. ಜಡೆ ನೋಡಿದರು, ಕಣ್ಣೀರು ನೋಡಿದರು. ಹೆಣ್ಣುಮಗು ಅಂತ ತಿಳಿದು ಮಿಷನ್ನಿಂದ ಇನ್ನೊಂದು ಟಿಕೆಟ್ ಹರಿದು, "ಹಿಡಿಯವ್ವಾ, ನಿಂದೂ ಒಂದು. ಹೆಣ್ಣುಮಕ್ಕಳು ಅಳಬಾರದು" ಅಂತ ಕೈಗಿಟ್ಟರು.

ಮಗ ಕಣ್ಣೊರೆಸಿಕೊಂಡು ಸೀಟಿನ ಮೇಲೆ ನಿಂತ. "ನಾನು ಹೆಣ್ಣಲ್ಲ. ನಾನು ಗಂಡು."

ಅರ್ಧ ಬಸ್ಸು ತಿರುಗಿ ನೋಡಿತು. ಹಿಂದೆ ಕಂಬಿ ಹಿಡಿದು ನಿಂತಿದ್ದ ಒಬ್ಬರು, ಅವರದ್ದು ದುಡ್ಡು ಕೊಟ್ಟು ತಗೊಂಡ ಟಿಕೆಟ್ಟು, "ಏನ್ರಿ ಕಂಡಕ್ಟರ್ ಸಾಹೇಬ್ರೆ, ಜಡೆ ಬಿಟ್ರೆ ಗಂಡಸರಿಗೂ ಫ್ರೀ ಏನ್ರಿ? ನಾಳೆಯಿಂದ ನಾನೂ ಬಿಡ್ತೀನಿ" ಅಂದರು. ಅವರ ತಲೆಯಲ್ಲಿ ಬಿಡೋದಕ್ಕೆ ಏನೂ ಇರಲಿಲ್ಲ. ಬಸ್ಸೆಲ್ಲ ನಗು.

ಕಂಡಕ್ಟರ ಮುಖ ಮಾತ್ರ ಸಣ್ಣಗಾಯಿತು. "ಅಕ್ಕಾರೆ, ಹೆಂಗಸರ ಟಿಕೆಟ್ ಗಂಡುಮಗನಿಗೆ ಹರಿದೀನಿ ಅಂದ್ರೆ ನಂಗೆ ಮೆಮೊ ಬರ್ತೈತೆ. ಇಸ್ಕೊಡ್ರಿ ಸ್ವಲ್ಪ."

ಇಸ್ಕೊಡೋದಂದರೆ ಏನು ಸುಲಭವೇ? ನಾನು ಕೈಹಾಕಿದೆ, ಅವನು ಮುಷ್ಟಿ ಬಿಗಿ ಮಾಡಿದ. ನಾನು ಬೆರಳು ಬಿಡಿಸಿದೆ, ಅವನು ಟಿಕೆಟ್ಟನ್ನ ಬಾಯಿಗೆ ಹಾಕಿಕೊಂಡ. ಅಷ್ಟೊತ್ತಿಗೆ ಸರಿಯಾಗಿ ಬಸ್ಸು ನಿಂತು ಚೆಕಿಂಗ್‌ನವರು ಹತ್ತಿದರು. ಕಂಡಕ್ಟರು ನನ್ನ ಮುಖ ನೋಡಿದರು, ನಾನು ಕಿಟಕಿ ಆಚೆ ಗದ್ದೆ ನೋಡಿದೆ.

ಚೆಕಿಂಗ್‌ನವರು ನಮ್ಮ ಸೀಟಿಗೆ ಬಂದು ನನ್ನದು, ಮಗಳದ್ದು ನೋಡಿದರು. ಮಗನ ಗಲ್ಲ ಹಿಡಿದು, "ಏನು ಹೆಸರವ್ವಾ ನಿಂದು?" ಅಂತ ಕೇಳಿದರು. ಮಗ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಟಿಕೆಟ್ ಹೋಗುತ್ತಲ್ಲ. "ಯಾವ ಸ್ಕೂಲು?" ತಲೆ ಅಲ್ಲಾಡಿಸಿದ. "ಚಾಕ್ಲೇಟ್ ಬೇಕಾ?" ಕಣ್ಣಲ್ಲಿ ನೀರು ತುಂಬಿತು, ಬಾಯಿ ಮಾತ್ರ ತೆಗೀಲಿಲ್ಲ.

ಚೆಕಿಂಗ್‌ನವರು ಅವನ ಜಡೆ ನೇವರಿಸಿ ನನಗೆ ಹೇಳಿದರು. "ಭಾಳ ಗಂಭೀರ ಐತೆ ಕೂಸು. ಈಗಿನ ಕಾಲದ ಹೆಣ್ಣುಮಕ್ಕಳಲ್ಲಿ ಇಷ್ಟು ಕಡಿಮೆ ಮಾತು ನಾ ಕಂಡಿಲ್ಲ ನೋಡ್ರಿ."

ಗುಮ್ಮ

ನಾವು ಚಿಕ್ಕವರಿದ್ದಾಗ ಊಟ ಮಾಡದಿದ್ದರೆ ಗುಮ್ಮ ಬರುತ್ತಿದ್ದ. ಈಗಿನ ಮಕ್ಕಳು ಗುಮ್ಮನಿಗೆ ಹೆದರಲ್ಲ, ಅವನಿದ್ದರೆ ವಿಡಿಯೋ ತೋರಿಸು ಅಂತಾರೆ. ಅದಕ್ಕೇ ನಮ್ಮತ್ತೆ ಒಂದು ಹೊಸ ದಾರಿ ಕಂಡುಹಿಡಿದಿದ್ದರು. ಮೊಮ್ಮಗ ತುತ್ತು ಬಾಯಲ್ಲಿಟ್ಟುಕೊಂಡು ನುಂಗದೆ ಕೂತರೆ, ಬಾಗಿಲ ಕಡೆ ತಿರುಗಿ ಕರೆಯೋರು. "ಬರ್ರಿ ಕಟಿಂಗ್‌ನೋರೆ, ಇಲ್ಲೊಂದು ಜಡೆ ಐತೆ." ತುತ್ತು ಗುಳುಂ ಅಂತ ಇಳಿಯೋದು. ರೊಟ್ಟಿಗೊಂದು ಸಲ, ಅನ್ನಕ್ಕೊಂದು ಸಲ, ಹಾಲಿಗೊಂದು ಸಲ ಪಾಪ ಕಟಿಂಗ್‌ನವರು ನಮ್ಮ ಬಾಗಿಲಿಗೆ ಬಂದು ಹೋಗೋರು.

"ಅತ್ತೆ, ಹಿಂಗೆ ಹೆದರಿಸಿದ್ರೆ ನಾಳೆ ಜವಳಕ್ಕೆ ಕೂರ್ತಾನೇನ್ರಿ?" ಅಂತ ನಾನು.

"ಮೊದ್ಲು ಹೊಟ್ಟೆಗೆ ಹೋಗ್ಲಿ ಬಿಡವ್ವಾ. ತಲೆ ಎಲ್ಲಿಗೆ ಹೋಗ್ತೈತೆ" ಅಂತ ಅವರು.

ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ಬಿಡಿಸಿ ವರ್ಷಗಳಾದವು, ಆಸೆ ಬಿಡಿಸೋಕೆ ಆಗಿಲ್ಲ. ಹಬ್ಬದ ಮರುದಿನ ಮಧ್ಯಾಹ್ನ ನಾನು ಮಲಗಿದ್ದೆ. ಅಡುಗೆಮನೆಯಿಂದ ಡಬ್ಬಿ ಮುಚ್ಚಳದ ಸಪ್ಪಳ ಬಂತು. ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ನೋಡಿದರೆ, ಅತ್ತೆ ಹೋಳಿಗೆಯ ಡಬ್ಬಿಗೆ ಕೈಹಾಕಿದ್ದಾರೆ. ಎದುರಿಗೆ ನನ್ನ ಮಗ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾನೆ. ಜಡೆ ಎದೆ ಮೇಲಿದೆ.

"ಅಜ್ಜಿ, ಇಟ್ಬಿಡು ಅದನ್ನ. ಕರೀಲಾ ಕಟಿಂಗ್‌ನೋರನ್ನ?"

ಅತ್ತೆ ಡಬ್ಬಿ ಮುಚ್ಚಿದರು. ಅದಕ್ಕಿಂತ ಮಜಾ ಏನಂದರೆ, ಸೆರಗು ಎಳೆದು ತಲೆ ಮುಚ್ಚಿಕೊಂಡರು.

ಮೀಸೆ

ಹೆದರಿಕೆ ಬಿಡಿಸಬೇಕು ಅಂತ ಆಮೇಲೆ ನಮ್ಮ ಯಜಮಾನರು ಹೊರಟರು. ಅವರದ್ದು ಬೋರ್‌ವೆಲ್ ಮೋಟಾರಿನ ಅಂಗಡಿ. ಯಾವ ಮೋಟಾರು ಕೆಟ್ಟರೂ ಬಿಚ್ಚಿ ತೋರಿಸಿದರೆ ಗಿರಾಕಿಗೆ ನಂಬಿಕೆ ಬರುತ್ತೆ ಅನ್ನೋದು ಅವರ ಸಿದ್ಧಾಂತ. ಮಗನಿಗೂ ಅದೇ ಉಪಾಯ. "ನಾನು ಕಟಿಂಗ್ ಶಾಪಲ್ಲಿ ಆರಾಮಾಗಿ ಕೂತಿರೋದನ್ನ ಅವನು ನೋಡ್ಲಿ. ಅಪ್ಪಂಗೆ ಏನೂ ಆಗಲ್ಲ ಅಂತ ಗೊತ್ತಾದ್ರೆ ತಾನೂ ಕೂರ್ತಾನೆ."

ನಿಟ್ಟುವಳ್ಳಿಯಲ್ಲಿ ಅವರ ಖಾಯಂ ಶಾಪು. ನಮ್ಮ ಯಜಮಾನರ ಮೀಸೆ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ಮದುವೆ ಫೋಟೋದಲ್ಲಿ ನನಗಿಂತ ಮೊದಲು ಕಾಣೋದು ಅದೇ. ದಿನಾ ಬೆಳಗ್ಗೆ ಅದಕ್ಕೆ ಎಣ್ಣೆ, ಸಣ್ಣ ಬಾಚಣಿಗೆ, ಕನ್ನಡಿ ಮುಂದೆ ಎಡಕ್ಕೊಂದು ಬಲಕ್ಕೊಂದು ತಿರುವು. ಅವತ್ತು ಮಗನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಾವು ಬಿಳಿ ಬಟ್ಟೆ ಹೊದ್ದು ಕೂತು, "ನೋಡು ಮಗಾ, ಎಷ್ಟು ಮಜಾ ಐತೆ" ಅಂತ ಕನ್ನಡಿಯಲ್ಲೇ ಕಣ್ಣು ಹೊಡೆದರಂತೆ.

ತಲೆ ಮುಗಿಯೋವರೆಗೂ ಹುಡುಗ ಸುಮ್ಮನೆ ಕೂತಿದ್ದನಂತೆ. ಗದ್ದ ಬೋಳಿಸಿ, ಮೀಸೆಯ ಅಂಚು ಸರಿ ಮಾಡೋದಕ್ಕೆ ರೇಜರ್ ಹಿಡಿದು ಕಟಿಂಗ್‌ನವರು ಮೂಗನ್ನ ಮೇಲೆತ್ತಿದರು ನೋಡಿ, ಹುಡುಗ ಕುರ್ಚಿಯಿಂದ ಹಾರಿದ. "ನಮ್ಮಪ್ಪನ ಮೂಗು ಬಿಡ್ರಿ" ಅಂತ ಅವರ ಮೊಣಕೈ ಹಿಡಿದು ಜಗ್ಗಿದ.

ಮೂಗಿಗೆ ಏನೂ ಆಗಲಿಲ್ಲ. ಎಡಗಡೆ ಮೀಸೆ ಮಾತ್ರ ಮಡಿಲಿಗೆ ಬಂತು. ಒಂದು ಕಡೆ ಮೀಸೆ ಇಟ್ಟುಕೊಂಡು ಅಂಗಡಿಯಲ್ಲಿ ಹೆಂಗೆ ಕೂರೋದು? ಬಲಗಡೆದೂ ತೆಗೆಸಿಕೊಂಡು, ಬಾಯಿ ಮುಚ್ಚಿಕೊಂಡು, ಮಗನನ್ನ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಮನೆಗೆ ಬಂದರು. ಬೆಲ್ ಮಾಡಿದಾಗ ಬಾಗಿಲು ತೆಗೆದವರು ನಮ್ಮತ್ತೆ. ನಮ್ಮ ಯಜಮಾನರನ್ನ ಮೇಲಿಂದ ಕೆಳಗೆ ನೋಡಿದರು. ಹೆತ್ತ ತಾಯಿ.

"ಯಾರು ಬೇಕಾಗಿತ್ರಿ? ನಮ್ಮ ಹುಡುಗ ಮನೇಲಿಲ್ಲ."

ಹೊಳೆದಂಡೆ

ಇಷ್ಟೆಲ್ಲ ಆಗೋದರೊಳಗೆ ಐದನೇ ವರ್ಷ ಮುಗಿಯೋದಕ್ಕೆ ಬಂತು. ಅಯ್ನೋರು ಪಂಚಾಂಗ ನೋಡಿ ಒಂದು ಸೋಮವಾರ ಹೇಳಿದರು. ಅದು ಬಿಟ್ಟರೆ ಮುಂದೆ ಮುಹೂರ್ತವಿಲ್ಲ.

ನನ್ನ ತಮ್ಮನದ್ದೂ ಒಂದು ಕಥೆ ಇದೆ. ಹರಿಹರದಲ್ಲಿ ಮೊಬೈಲ್ ರಿಪೇರಿ ಅಂಗಡಿ, ಒಳ್ಳೆ ಹುಡುಗ, ವಯಸ್ಸು ಮೂವತ್ತು ದಾಟಿದೆ. ಹೆಣ್ಣು ಸಿಕ್ಕಿಲ್ಲ. ತೋರಿಸಿದ ಕಡೆಯೆಲ್ಲ "ಹುಡುಗನ ತಲೆ ಸ್ವಲ್ಪ..." ಅಂತ ಅರ್ಧಕ್ಕೆ ಮಾತು ನಿಲ್ಲಿಸಿ ಕಳಿಸಿದ್ದರು. ನಡುತಲೆ ಖಾಲಿ. ಕಿವಿಯ ಮೇಲೆ ಉಳಿದದ್ದನ್ನೇ ಉದ್ದ ಬಿಟ್ಟು, ಎಡದಿಂದ ಬಲಕ್ಕೆ ಬಾಚಿ, ಅದರಲ್ಲೇ ಸಂಸಾರ ತೂಗಿಸುತ್ತಿದ್ದ. ಗಾಳಿ ಬಂದರೆ ಕೈ ತಲೆ ಮೇಲೆ. ಅಂಥವನಿಗೆ ದಾವಣಗೆರೆಯ ವಿದ್ಯಾನಗರದಲ್ಲಿ ಹೈಸ್ಕೂಲ್ ಟೀಚರ್ ಒಬ್ಬಳ ಸಂಬಂಧ ಬಂದಿತ್ತು. ಫೋಟೋ ನೋಡಿ, "ಬರ್ರಿ, ಹುಡುಗಿ ನೋಡ್ಕೊಂಡು ಹೋಗ್ರಿ" ಅಂದಿದ್ದರು. ಅದು ಜವಳ ಮುಗಿದ ಮೇಲೆ ಅದೇ ವಾರ, ಗುರುವಾರ. ಈ ಸಲವಾದರೂ ಆಗಲಪ್ಪಾ ಅಂತ ನಮ್ಮವ್ವ ದಿನಾ ದೀಪ ಹಚ್ಚುತ್ತಿದ್ದಳು.

ಸೋಮವಾರ ಬೆಳಗ್ಗೆ ಹೊಳೆದಂಡೆಗೆ ಎಲ್ಲರೂ ಸೇರಿದೆವು. ತಮ್ಮ ಹೊಸ ಪಂಚೆ ಉಟ್ಟು ಚಾಪೆ ಮೇಲೆ ಕೂತ. ಮಗ ತಾನಾಗೇ ಹೋಗಿ ಮಾವನ ತೊಡೆ ಮೇಲೆ ಕೂತ. ನಮಗೆಲ್ಲ ಆಶ್ಚರ್ಯ. ಕೂದಲು ಹಿಡಿಯೋ ತಟ್ಟೆ ಮಗಳ ಕೈಯಲ್ಲಿ. "ಅಮ್ಮಾ, ಇವನ ಜಡೆ ನಂಗೆ ಅಂಟಿಸ್ತೀಯಾ?" ಅಂತ ಅವಳ ಚಿಂತೆ. ಕಟಿಂಗ್‌ನವರು ವಯಸ್ಸಾದವರು, ಮಗನ ತಲೆಗೆ ನೀರು ಹಚ್ಚೋದಕ್ಕೆ ಬಗ್ಗಿದರು. ಮಗ ಎರಡು ಕೈಯಲ್ಲೂ ಜಡೆ ಹಿಡಿದುಕೊಂಡ.

"ಮೊದ್ಲು ಮಾವಂದು."

ನಾವು ನಕ್ಕೆವು.

"ಮೊದ್ಲು ಮಾವಂದು ತೆಗೀರಿ. ಆಮೇಲೆ ನಂದು."

ಈಗ ನಗು ನಿಂತಿತು. ಸೈಕಲ್ ಕೊಡಿಸ್ತೀನಿ ಅಂದೆ. ಬೆಣ್ಣೆ ದೋಸೆ ಅಂದೆ. ಊಹೂಂ. ಹಿಡಿದು ಕೂರಿಸೋಣ ಅಂತ ನಮ್ಮ ಯಜಮಾನರು ಮುಂದೆ ಬಂದರು. ಕಟಿಂಗ್‌ನವರು ಕತ್ತಿ ಕೆಳಗಿಟ್ಟರು. "ಒದ್ದಾಡೋ ಕೂಸಿಗೆ ನಾ ಕತ್ತಿ ಹಿಡಿಯಲ್ಲ ರೀ." ಹೊತ್ತು ಏರುತ್ತಿತ್ತು. ಅಯ್ನೋರು ಗಡಿಯಾರ ನೋಡಿದರು. ನನ್ನ ಕಣ್ಣ ಮುಂದೆ ಎರಡನೇ ಕ್ಲಾಸು, ಸೊಂಟದ ತನಕ ಜಡೆ ಬಂದು ನಿಂತವು.

ನಮ್ಮತ್ತೆ ಮೆಲ್ಲಗೆ ನನ್ನ ತಮ್ಮನ ಕಡೆ ತಿರುಗಿದರು. "ತಮ್ಮಾ, ಕೂದಲೇನಪ್ಪ, ಇವತ್ತು ಹೋದ್ರೆ ನಾಳೆ ಬೆಳೀತೈತೆ."

"ಅಮ್ಮಾರೆ, ನಂದು ಬೆಳೆಯಲ್ಲ ರೀ" ಅಂದ ತಮ್ಮ.

ಗುರುವಾರ ಇದೆ, ಬ್ಯಾಡ ಕಣೋ ಅಂತ ನಾನೇ ಅಂದೆ. ನಮ್ಮವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ತಮ್ಮ ತೊಡೆ ಮೇಲಿದ್ದ ಅಳಿಯನನ್ನ ನೋಡಿದ. ಹುಡುಗ ಹಟಕ್ಕೆ ಕೂತಿರಲಿಲ್ಲ, ಗಡಗಡ ನಡುಗುತ್ತಿದ್ದ. ತಮ್ಮ ಅವನನ್ನ ಇಳಿಸಿ ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಬಗ್ಗಿಸಿ ಹೇಳಿದ. "ಹಚ್ರಿ ನೀರು."

ಎಷ್ಟೋ ವರ್ಷ ಎಡದಿಂದ ಬಲಕ್ಕೆ ಬಾಚಿದ್ದು ನೋಡನೋಡುತ್ತ ಹೋಯಿತು. ಮಗ ಮಾವನ ಸುತ್ತ ಒಂದು ಸುತ್ತು ಬಂದು, ನುಣ್ಣನೆ ತಲೆ ಸವರಿದ. "ನೋವಾಯ್ತಾ ಮಾವ?"

"ತಲೆಗೆ ಆಗಲಿಲ್ಲ" ಅಂದ ತಮ್ಮ.

"ಹಂಗಾದ್ರೆ ಈಗ ಅಪ್ಪಂದು."

ಆಗಷ್ಟೇ ಮೀಸೆ ಚಿಗುರಿಸಿಕೊಂಡಿದ್ದ ನಮ್ಮ ಯಜಮಾನರು ಗಬಕ್ಕನೆ ತಾಯಿಯ ಹಿಂದೆ ಹೋಗಿ ನಿಂತರು. ಅತ್ತೆ ಅಂದರು, "ಜವಳಕ್ಕೆ ಮಾವ ಮುಖ್ಯ ಮಗಾ. ಅಪ್ಪ ಲೆಕ್ಕಕ್ಕೇ ಇಲ್ಲ." ಲೆಕ್ಕಕ್ಕಿಲ್ಲ ಅನ್ನಿಸಿಕೊಂಡು ಅಷ್ಟು ಖುಷಿಪಟ್ಟ ಗಂಡಸನ್ನ ನಾನು ನೋಡಿಲ್ಲ.

ಮಗ ಕಮಕ್ ಕಿಮಕ್ ಅನ್ನದೆ ಕೂತ. ಜಡೆ ತಟ್ಟೆಗೆ ಬಿತ್ತು. ಇಷ್ಟು ವರ್ಷ ದಿನಾ ಬೈದುಕೊಂಡು ಬಾಚಿದ ಜಡೆ. ಅದನ್ನ ನೋಡಿ ಅತ್ತವಳು ನಾನೊಬ್ಬಳೇ.

ಗುರುವಾರ

ಹುಡುಗಿ ಮನೆಗೆ ನಮ್ಮವ್ವ, ನಾನು, ತಮ್ಮ ಹೊರಟೆವು. ನನ್ನನ್ನೂ ಕರ್ಕೊಂಡು ಹೋಗ್ರಿ ಅಂತ ಮಗ ಮಾವನ ಕಾಲು ಕಟ್ಟಿದ. ಸರಿ, ಇಬ್ಬರಿಗೂ ಒಂದೊಂದು ಟೋಪಿ ಹಾಕಿಸಿದೆ. ಟೋಪಿ ಮಾತ್ರ ತೆಗೀಬ್ಯಾಡ ಅಂತ ಮಗನಿಗೆ ದಾರಿಯುದ್ದಕ್ಕೂ ಹೇಳಿದೆ. ಹೇಳಬಾರದಿತ್ತು.

ಹಾಲ್‌ನಲ್ಲಿ ಹುಡುಗಿ, ಅವಳ ಅಪ್ಪ ಅವ್ವ, ಅಕ್ಕ. ಎದುರಿಗೆ ಸೋಫಾದಲ್ಲಿ ಹುಡುಗಿಯ ಅಣ್ಣ. ಅವರ ತಲೆ ತುಂಬ ಕರೀ ಗುಂಗುರು ಕೂದಲು, ಅದರೊಳಗೆ ಬೆರಳಾಡಿಸುತ್ತಲೇ ಕೂತಿದ್ದರು. ಅವರ ತೊಡೆ ಮೇಲೆ ಅಕ್ಕನ ಮಗ, ಸಣ್ಣದು, ನೆತ್ತಿ ಮೇಲೆ ಜುಟ್ಟು ಕಟ್ಟಿತ್ತು. "ಇವನದ್ದೂ ಬರೋ ತಿಂಗಳು ಜವಳ ಇಟ್ಕೊಂಡೀವಿ ರೀ. ಮೂರು ತುಂಬೋದ್ರೊಳಗೆ ಮುಗಿಸಬೇಕು" ಅಂದರು ಹುಡುಗಿಯ ಅವ್ವ. ಮಂಡಕ್ಕಿ, ಮಿರ್ಚಿ ಬಂದವು. ಫ್ಯಾನು ತಿರುಗುತ್ತಿದ್ದರೂ ತಮ್ಮ ಬೆವರುತ್ತಿದ್ದ.

"ಸೆಕೆ ಐತಲ್ರಿ, ಟೋಪಿ ತೆಗೆದು ಆರಾಮಾಗಿ ಕೂಡ್ರಿ" ಅಂದರು ಹುಡುಗಿಯ ಅಪ್ಪ.

"ಇರ್ಲಿ ಬಿಡ್ರಿ" ಅಂದ ತಮ್ಮ.

"ಮಾವ, ನಂದೂ ತೋರಿಸ್ತೀನಿ, ನಿಂದೂ ತೋರ್ಸು" ಅಂತ ಮಗ ಎರಡು ಟೋಪಿಯನ್ನೂ ಒಂದೇ ಸಲಕ್ಕೆ ಕಿತ್ತ.

ಗುಂಗುರು ಕೂದಲಿನ ಅಣ್ಣ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ತಿರುಪತಿಗೆ ಹೋಗಿದ್ರಾ?" ಅಂತ ಕೇಳಿದರು ಹುಡುಗಿಯ ಅಪ್ಪ.

"ಇಲ್ಲ, ಹೊಳಿಗೆ ಹೋಗಿದ್ವಿ" ಅಂತ ಮಗ ಕಥೆ ಶುರು ಮಾಡಿದ. ಎಲ್ಲ ಹೇಳಿದ. ಮೊದ್ಲು ಮಾವಂದು ಅಂತ ಅಂದದ್ದು, ಅಜ್ಜಿ ಬೆಳೀತೈತೆ ಅಂದದ್ದು, ಕೊನೆಗೆ, "ಮಾವ ಏನಂದ್ರು ಗೊತ್ತಾ? ನಂದು ಬೆಳೆಯಲ್ಲ ರೀ ಅಂದ್ರು." ನಮ್ಮವ್ವ ಕಣ್ಣು ಮುಚ್ಚಿಕೊಂಡಳು. ಮುಗೀತು, ಇದೂ ಹೋಯಿತು ಅಂತ ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅಂತ ನೆನಪು ಮಾಡಿಕೊಳ್ಳತೊಡಗಿದೆ.

ಹುಡುಗಿ ಜೋರಾಗಿ ನಕ್ಕುಬಿಟ್ಟಳು. ತಮ್ಮನ ಕಡೆ ತಿರುಗಿ, "ಬೆಳೆಯಲ್ಲ ಅಂತ ನಂಗೆ ಫೋಟೋದಲ್ಲೇ ಗೊತ್ತಾಗಿತ್ತು ರೀ. ಆ ಬಾಚಿದ್ದು ನೋಡೇ ಬ್ಯಾಡ ಅನ್ನಬೇಕು ಅಂತ ಕೂತಿದ್ದೆ. ಹಿಂಗೇ ಚೆನ್ನಾಗೈತೆ" ಅಂದಳು. ಆಮೇಲೆ ಅಪ್ಪನಿಗೆ ಅಂದಳು. "ಇರೋ ನಾಲ್ಕು ಕೂದಲನ್ನ ಹುಡುಗನ ಸಲುವಾಗಿ ಕೊಟ್ಟು ಬಂದಾರೆ. ಇನ್ನೇನು ನೋಡಬೇಕಪ್ಪ."

ತಮ್ಮ ತಲೆ ಎತ್ತಿ ಕೂತ. ಎಷ್ಟೋ ವರ್ಷದ ಮೇಲೆ ಫ್ಯಾನಿನ ಗಾಳಿಗೆ ಅವನ ಕೈ ತಲೆ ಮೇಲೆ ಹೋಗಲಿಲ್ಲ. ನಮ್ಮವ್ವನ ಬಾಯಿಗೆ ನಾನೇ ಸಕ್ಕರೆ ಹಾಕಿದೆ.

ದೊಡ್ಡವರೆಲ್ಲ ಮುಂದಿನ ಮಾತಿಗೆ ಕೂತಾಗ, ನನ್ನ ಮಗ ಮಂಡಕ್ಕಿ ತಟ್ಟೆ ಹಿಡಿದುಕೊಂಡು ಎದುರಿನ ಸೋಫಾಕ್ಕೆ ಹೋದ. ಅಣ್ಣನ ತೊಡೆ ಮೇಲಿದ್ದ ಜುಟ್ಟಿನ ಹುಡುಗನ ಕಿವಿಯಲ್ಲಿ, ಇಡೀ ಹಾಲ್‌ಗೆ ಕೇಳೋ ಹಾಗೆ ಗುಟ್ಟು ಹೇಳಿದ.

"ಸುಮ್ನೆ ಕೂತ್ಕಬ್ಯಾಡ. ಮೊದ್ಲು ಮಾವಂದು ಅನ್ನು. ತೆಗಿಸ್ತಾರೆ."

ಆ ಮಗು ಮಂಡಕ್ಕಿ ಅಗಿಯೋದು ನಿಲ್ಲಿಸಿ, ಕತ್ತು ತಿರುಗಿಸಿ, ಮಾವನ ಗುಂಗುರು ಕೂದಲನ್ನ ಬಹಳ ಹೊತ್ತು ನೋಡಿತು.

ಅಣ್ಣ ಕೂದಲೊಳಗಿಂದ ಬೆರಳು ತೆಗೆದು, ಮಗುವನ್ನ ಮೆಲ್ಲಗೆ ತೊಡೆಯಿಂದ ಕೆಳಗಿಳಿಸಿದರು.

"ಅವ್ವಾ, ಇವನ ಜವಳಕ್ಕೆ ಅಷ್ಟು ಅವಸರ ಏನೈತೆ? ಏಳನೇ ವರ್ಷಕ್ಕೆ ಇಟ್ಕಳಾಣ."